ಅಕ್ಟೋಬರ್ 31ರ ರಾತ್ರಿ

ಹೆಬ್ಬಾಳ, ಯಲಹಂಕ ಮುಂತಾದ ಕಡೆಗಳಲ್ಲಿ ಈಗ ಎದ್ದಿರುವ ಬಹುಮಹಡಿಯ ವಸತಿಗಳಲ್ಲಿ ಅಕ್ಟೋಬರ್ 31ರ ಸಾಯಂಕಾಲ ಮಕ್ಕಳು ಮೋರೆಗೆ ಬಣ್ಣ ಬಳಿದು, ದೆವ್ವದ ವೇಷ ತೊಟ್ಟು, ಬಾಗಿಲಿಂದ ಬಾಗಿಲಿಗೆ ಹೋಗಿ ಮಿಠಾಯಿ ಬೇಡುವುದನ್ನು ನಿಮ್ಮಲ್ಲಿ ಕೆಲವರು ಕಂಡಿರಬಹುದು. ಅಂಥಲ್ಲಿ ಮನೆಗೆಲಸಕ್ಕೆ ಹೋಗುವ ನಮ್ಮ ಸಭೆಯ ವಿಧವೆಯೊಬ್ಬಳಿಗೆ ಮನೆಯೊಡತಿಯು, ಇದು ನಿಮ್ಮವರ ಹಬ್ಬವಲ್ಲವೇ, ಮಗನನ್ನೂ ಕರೆದುಕೊಂಡು ಬಾ ಅಂದಳಂತೆ. “ಅಯ್ಯನವರೇ, ಇದು ನಮ್ಮ ಹಬ್ಬವೋ?” ಎಂದು ಆಕೆ ಕೇಳಿದಳು. ಹೌದೆಂದರೂ ಪೂರಾ ನಿಜವಲ್ಲ, ಅಲ್ಲವೆಂದರೂ ಪೂರಾ ನಿಜವಲ್ಲ. ಆದಕಾರಣ ಇದನ್ನು ಬರೆಯುತ್ತೇವೆ.

ಹ್ಯಾಲೋವೀನ್ ಎಂದರೆ ಸಕಲ ಪರಿಶುದ್ಧರ ದಿನದ ಹಿಂದಿನ ಸಂಜೆ. 9ನೆಯ ಶತಮಾನದಲ್ಲಿ ನವೆಂಬರ್ 1ನ್ನು ಪಶ್ಚಿಮದ ಸಭೆಗಳು ಪರಿಶುದ್ಧರ ದಿನವಾಗಿ ಆಚರಿಸತೊಡಗಿದವು. ಮೃತರೆಲ್ಲರಿಗಾಗಿ ನವೆಂಬರ್ 2 ಅನಂತರ ಸೇರಿತು. ಐರ್ಲೆಂಡಿನಲ್ಲಾದರೋ ಅದೇ ಕಾಲಕ್ಕೆ ಸವಿನ್ ಎಂಬ ಪುರಾತನ ಹಬ್ಬವಿತ್ತು. ಪೈರು ಒಳಗಾಗಿ, ದನಗಳು ಮೇವಿನ ಗುಡ್ಡದಿಂದ ಹಟ್ಟಿಗೆ ಬಂದು, ಚಳಿಗಾಲವು ಮೊದಲಾಗುವ ಆ ರಾತ್ರಿ ಭೂತಪ್ರೇತಗಳು ತಿರುಗಾಡುವವೆಂದು ಜನರು ನಂಬುತ್ತಿದ್ದರು. ಇಂಗ್ಲೆಂಡಿನಲ್ಲಿ ಬಡವರು ಮನೆಮನೆಗೆ ಹೋಗಿ ಸಣ್ಣ ರೊಟ್ಟಿಗಳನ್ನು ಈಸಿಕೊಂಡು, ಆ ಮನೆಯ ಮೃತರಿಗೋಸ್ಕರ ಪ್ರಾರ್ಥಿಸುತ್ತಿದ್ದರು. ಐರಿಷರು ಗೆಡ್ಡೆಯನ್ನು ಕೊರೆದು ದೀಪವಿಡುತ್ತಿದ್ದರು. 1845ರಲ್ಲಿ ಆರಂಭವಾದ ಕ್ಷಾಮದಿಂದ ಅಮೆರಿಕಕ್ಕೆ ಹೋದವರ ನಡುವೆ ಗೆಡ್ಡೆಯ ಬದಲು ಕುಂಬಳಕಾಯಿ ಬಂತು.

ಇದನ್ನು ಕೇಳಿ ನಗುವವರು ನಮ್ಮ ಬೀದಿಯನ್ನೂ ನೋಡಲಿ. ಮಹಾಲಯ ಅಮಾವಾಸ್ಯೆಯಲ್ಲಿ ನೆರೆಯವರು ತೀರಿಹೋದವರಿಗೆ ಇಷ್ಟವಾದ ಅಡಿಗೆಯನ್ನು ಬಾಳೆಯೆಲೆಯಲ್ಲಿ ಎಡೆಯಿಟ್ಟು, ಹೊಸ ಬಟ್ಟೆ ಇರಿಸಿ, ಧೂಪ ಹಾಕಿ, ಹಿರಿಯರು ಉಣ್ಣಲೆಂದು ಸ್ವಲ್ಪ ಹೊತ್ತು ಬಾಗಿಲು ಮುಚ್ಚುವುದುಂಟು. 1990ರ ದಶಕದಲ್ಲಿ ಬೆಂಗಳೂರು ಸೀಮೆಯಲ್ಲಿ, ರಾತ್ರಿ ಹೆಣ್ಣುದೆವ್ವವೊಂದು ಮನೆಯವರ ದನಿಯಲ್ಲಿ ಕರೆಯುವುದೆಂದೂ ಬಾಗಿಲು ತೆರೆದವರು ಸಾಯುವರೆಂದೂ ಸುದ್ದಿ ಹಬ್ಬಿ, ಎಷ್ಟೋ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂಬ ಬರಹ ಕಾಣಿಸಿತು. ದೆವ್ವಕ್ಕೂ ಕನ್ನಡ ಓದಬರುತ್ತಿತ್ತೆಂದಾಯಿತು! ಆದರೆ ಆ ಎಡೆಯನ್ನೂ ಈ ಬರಹವನ್ನೂ ಒಂದೇ ಎಂದು ತಿಳಿಯಬೇಡಿರಿ. ಒಂದು ಪ್ರೀತಿಯಿಂದ ಬಾಗಿಲನ್ನು ಮುಚ್ಚುತ್ತದೆ, ಇನ್ನೊಂದು ಭಯದಿಂದ.

ಆ ವಿಧವೆಯ ದುಃಖ ಇಲ್ಲಿಯೇ ಇತ್ತು. ಆಕೆಯ ಗಂಡನು ಎರಡು ವರ್ಷಗಳ ಹಿಂದೆ ತೀರಿಹೋದನು. ಎಡೆಯಿಡದ ಕಾರಣ ಅವನು ಹಸಿದು ಅಲೆಯುತ್ತಾನೆಂದು ಬಂಧುಗಳು ಅಂದರು. ನಾವು ಆಕೆಗೆ 1517ರ ಅಕ್ಟೋಬರ್ 31ನ್ನು ನೆನಪಿಗೆ ತಂದೆವು. ಮೃತರ ಆತ್ಮಗಳ ಬಿಡುಗಡೆಗೆಂದು ಬಡವರಿಂದ ಹಣ ಕೀಳುತ್ತಿದ್ದ ಪಾಪಪರಿಹಾರ ಪತ್ರಗಳ ವಿಷಯವಾಗಿ ಮಾರ್ಟಿನ್ ಲೂಥರನು ತನ್ನ 95 ವಾಕ್ಯಗಳನ್ನು ಹೊರಡಿಸಿದ್ದು ಇದೇ ಸಂಜೆಯಲ್ಲಿ. ನಿದ್ರೆಹೋದವರ ವಿಷಯವಾಗಿ ಪೌಲನು ಥೆಸಲೋನಿಕದವರಿಗೆ ಬರೆದ ಮೊದಲನೆಯ ಪತ್ರಿಕೆಯ 4ನೆಯ ಅಧ್ಯಾಯವನ್ನು ಓದಿದೆವು. ಪೌಲನು ಅಲ್ಲಿ ಅಳಬಾರದೆಂದು ಹೇಳುವುದಿಲ್ಲ. ನಿರೀಕ್ಷೆಯಿಲ್ಲದವರ ಹಾಗೆ ಅಳಬಾರದೆಂದೇ ಹೇಳುತ್ತಾನೆ. ಆಕೆ ಬಹಳ ಹೊತ್ತು ಅತ್ತಳು. ನಾವು ತಡೆಯಲಿಲ್ಲ.

ಮಗನು ಹೋಗಬಹುದೋ ಎಂಬ ಪ್ರಶ್ನೆ ಉಳಿಯಿತು. ಹೋಗಲಿ, ದೆವ್ವವಾಗಿ ಬೇಡ ಎಂದೆವು. ಇದನ್ನು ಒಪ್ಪದ ಹಿರಿಯರು ಸಭೆಯಲ್ಲಿ ಇದ್ದಾರೆ. ಹುಡುಗನು ಕುರುಬನ ಕಂಬಳಿ ಹೊದ್ದು, ಕೋಲು ಹಿಡಿದು ಹೋದನು. ನವೆಂಬರ್ 2ರಂದು ತಾಯಿಮಕ್ಕಳು ಗೋರಿಯನ್ನು ತೊಳೆದು ಸೇವಂತಿಗೆ ಇಟ್ಟರು. ಹುಡುಗನು ಜೇಬಿನಿಂದ ಎರಡು ಮಿಠಾಯಿಗಳನ್ನು ತೆಗೆದು, ಒಂದನ್ನು ತಾಯಿಗೂ ಒಂದನ್ನು ನಮಗೂ ಕೊಟ್ಟನು.