ಮಗುವಿನ ಹಳೆಯ ಎಕ್ಸ್‌ರೇ ಎಸೆಯಬೇಡಿ

ಕೆಲಸಕ್ಕಾಗಿ ಊರೂರು ಬದಲಾಯಿಸುವ ನಮ್ಮಂಥವರ ಮನೆಯಲ್ಲಿ ಮಗುವಿನ ಡಾಕ್ಟರೂ ಬದಲಾಗುತ್ತಾರೆ. ಹಳೆಯ ಎಕ್ಸ್‌ರೇ ಕಳೆದರೆ, ಮೂರನೇ ನ್ಯುಮೋನಿಯಾ ಕೂಡ ಮೊದಲನೆಯದರಂತೆ ಕಾಣುತ್ತದೆ.

*ಗಮನಿಸಿ:* ಶ್ವಾಸಕೋಶದ ಒಂದೇ ಜಾಗದಲ್ಲಿ ಮತ್ತೆ ಮತ್ತೆ ನ್ಯುಮೋನಿಯಾ ಆದರೆ, ಔಷಧಿ ಮುಗಿದು ವಾರಗಳಾದರೂ ಎಕ್ಸ್‌ರೇಯ ಕಲೆ ಹೋಗದಿದ್ದರೆ ಕಾರಣ ಹುಡುಕಲೇಬೇಕು. ಟಿಬಿ, ಉಸಿರುನಾಳದಲ್ಲಿ ಸಿಕ್ಕಿಕೊಂಡ ಕಡಲೆಬೀಜದಂಥ ಕಾರಣಗಳೇ ಹೆಚ್ಚು. ಅಪರೂಪಕ್ಕೆ ಗೆಡ್ಡೆಯೂ ಇರಬಹುದು.

*ಪ್ಲೂರೋಪಲ್ಮನರಿ ಬ್ಲಾಸ್ಟೋಮಾ:* ಹೆಚ್ಚಾಗಿ 6 ವರ್ಷದೊಳಗಿನ ಮಕ್ಕಳಲ್ಲಿ. ಮೊದಲು ಗಾಳಿ ತುಂಬಿದ ಗುಳ್ಳೆಯಂತಿರುತ್ತದೆ. ಆಗಲೇ ಆಪರೇಷನ್ ಮಾಡಿ ತೆಗೆದರೆ ಗುಣವಾಗುವ ಸಾಧ್ಯತೆ ಹೆಚ್ಚು. ಗಟ್ಟಿ ಗೆಡ್ಡೆಯಾದ ಮೇಲೆ ಕೀಮೋಥೆರಪಿಯೂ ಬೇಕು. ಹಲವರಲ್ಲಿ ಡೈಸರ್-1 ಎಂಬ ಜೀನಿನ ದೋಷವಿರುವುದರಿಂದ ಒಡಹುಟ್ಟಿದವರನ್ನೂ ಪರೀಕ್ಷಿಸಬೇಕಾಗಬಹುದು.

*ಕಾರ್ಸಿನಾಯ್ಡ್:* ದೊಡ್ಡ ಮಕ್ಕಳ ಶ್ವಾಸನಾಳದಲ್ಲಿ ನಿಧಾನವಾಗಿ ಬೆಳೆಯುತ್ತದೆ. ಉಬ್ಬಸವೆಂದು ಇನ್‌ಹೇಲರ್ ಕೊಟ್ಟರೂ ಸುಯ್ಗುಟ್ಟುವುದು ನಿಲ್ಲುವುದಿಲ್ಲ. ಕೆಲವೊಮ್ಮೆ ಕಫದಲ್ಲಿ ರಕ್ತ ಬರುತ್ತದೆ. ಸಾಮಾನ್ಯವಾಗಿ ಆಪರೇಷನ್ನೇ ಚಿಕಿತ್ಸೆ.

ಸಿಟಿ ಸ್ಕ್ಯಾನ್, ಬ್ರಾಂಕೋಸ್ಕೋಪಿ, ಬಯಾಪ್ಸಿಯಿಂದ ರೋಗ ಖಚಿತವಾಗುತ್ತದೆ. ಮುಂಬೈನ ಟಾಟಾ ಮೆಮೋರಿಯಲ್, ಚೆನ್ನೈನ ಅಡ್ಯಾರ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್‌ಗಳಲ್ಲಿ ಮಕ್ಕಳ ಕ್ಯಾನ್ಸರ್‌ಗೆ ಚಿಕಿತ್ಸೆಯಿದೆ.

ಇಂದೇ ಎಲ್ಲ ಎಕ್ಸ್‌ರೇಗಳನ್ನೂ ತಾರೀಖಿನ ಪ್ರಕಾರ ಒಂದು ಫೈಲಿನಲ್ಲಿಡಿ. ಹೊಸ ಡಾಕ್ಟರನ್ನು ಕೇಳಿ: "ಕಲೆ ಮತ್ತೆ ಅದೇ ಜಾಗದಲ್ಲಿದೆಯೇ?"

ಚಿಕ್ಕ ಮಕ್ಕಳಿರುವ ಮನೆಗಳಿಗೆ ಇದನ್ನು ತಲುಪಿಸಿ.