“ಅವ್ವಗ ಹೇಳಬ್ಯಾಡ್ರಿ”: ಮನೆಯಲ್ಲಿ ಕ್ಯಾನ್ಸರ್ ಎಂದು ತಿಳಿದಾಗ



ಗುತ್ತಲ ಭಾಗದ ಒಂದು ಸಂಘದ ಸದಸ್ಯೆಗೆ ಮುಟ್ಟು ನಿಂತು ಆರು ವರ್ಷವಾಗಿತ್ತು. ಮತ್ತೆ ರಕ್ತ ಹೋಗಲು ಶುರುವಾದಾಗ “ಉಷ್ಣ ಆಗಿರಬೇಕು” ಅಂದುಕೊಂಡು ಸುಮ್ಮನಿದ್ದರು. ಮೆಣಸಿನಕಾಯಿ ಸುಗ್ಗಿ ಮುಗಿಯಲಿ ಎಂದು ಇನ್ನೆರಡು ತಿಂಗಳು ತಳ್ಳಿದರು. ಸೊಂಟನೋವು ತಾಳಲಾರದಾದಾಗ ಹಾವೇರಿಗೆ, ಅಲ್ಲಿಂದ ಹುಬ್ಬಳ್ಳಿಗೆ ಹೋದರು. ಗರ್ಭಕೋಶದ ಬಾಯಿಯ ಕ್ಯಾನ್ಸರ್, ಬೇರೆ ಅಂಗಗಳಿಗೂ ಹರಡಿದೆ ಎಂದು ವೈದ್ಯರು ಹೇಳಿದರು.

ಮಗ ಹೊರಗೆ ಬಂದು ನಮ್ಮ ಕೈ ಹಿಡಿದ. “ಸಿಸ್ಟರ್, ಅವ್ವಗ ಹೇಳಬ್ಯಾಡ್ರಿ. ಕೇಳಿದ್ರ ಎದಿ ಒಡಕೊಂಡ ಸಾಯ್ತಾಳ” ಎಂದ. ನಾವೂ ಒಪ್ಪಿದೆವು. ಮನೆಯಲ್ಲಿ ಎಲ್ಲರೂ “ಹೊಟ್ಟ್ಯಾಗ ಹುಣ್ಣಾಗೇತಿ” ಅಂದರು. ಯಾರೋ ಹೇಳಿದ ಔಷಧಿಗಾಗಿ ಮಗ ಒಂದು ಎಕರೆ ಹೊಲ ಮಾರಲು ಓಡಾಡತೊಡಗಿದ.

ಹದಿನೈದು ದಿನದ ಮೇಲೆ ನಾವು ಮನೆಗೆ ಹೋದಾಗ ಆ ತಾಯಿ ಬಾಗಿಲು ಮುಚ್ಚಿಸಿ ಹೇಳಿದರು: “ನನಗೇನಾಗೇತಿ ಅಂತ ಗೊತ್ತೈತ್ರಿ. ರಾತ್ರಿ ಇವರು ಅಳೂದು ಕೇಳಸ್ತೈತಿ. ಹೊಲಾ ಮಾರಬ್ಯಾಡ್ರಿ ಅಂತ ಹೇಳಬೇಕು. ಹೆಂಗ ಹೇಳ್ಲಿ? ನಾ ಏನೂ ಗೊತ್ತಿಲ್ದಂಗ ಇರಬೇಕಲ್ಲ!”

ಸುಮ್ಮನಿದ್ದು ನಾವು ತಪ್ಪು ಮಾಡಿದ್ದೆವು. ಪ್ರೀತಿಯಿಂದಲೇ ಮುಚ್ಚಿಟ್ಟೆವು, ಆದರೆ ಆ ತಾಯಿಯನ್ನು ಒಂಟಿ ಮಾಡಿದೆವು. ಆ ಅನುಭವದಿಂದ ನಾವು ಕಲಿತದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

1. ಹೇಳುವ ಮೊದಲು ಕೇಳಿ
ಎಲ್ಲವನ್ನೂ ಒಮ್ಮೆಲೇ ಹೇಳಬೇಕಿಲ್ಲ. “ಡಾಕ್ಟರು ಏನಂದ್ರು ಅಂತ ತಿಳಕೊಳ್ಳಬೇಕು ಅನಸ್ತೈತೇನವ್ವಾ?” ಎಂದು ಕೇಳಿ. ಅವರು ಕೇಳಿದಷ್ಟಕ್ಕೆ ನಿಜವಾದ ಉತ್ತರ ಕೊಡಿ. “ನೀವೇ ನೋಡ್ಕೊಳ್ರಿ” ಅಂದರೆ ಅದನ್ನೂ ಗೌರವಿಸಿ. ಕಾಯಿಲೆ ಅವರದು, ತೀರ್ಮಾನದಲ್ಲಿ ಅವರ ಮಾತಿಗೂ ಜಾಗ ಇರಬೇಕು.

2. ವೈದ್ಯರಿಗೆ ಈ ಪ್ರಶ್ನೆ ಕೇಳಿ
• ಈ ಚಿಕಿತ್ಸೆ ಕಾಯಿಲೆ ಗುಣಪಡಿಸಲಿಕ್ಕೋ, ತೊಂದರೆ ಕಡಿಮೆ ಮಾಡಲಿಕ್ಕೋ?
• ಎಷ್ಟು ಸಲ ಬರಬೇಕು? ಏನು ತ್ರಾಸಾಗಬಹುದು?
• ಚಿಕಿತ್ಸೆ ಬೇಡವೆಂದರೆ ಮುಂದೇನು?
• ನೋವಿಗೆ ಏನು ಕೊಡುತ್ತೀರಿ?

“ಗುಣ ಆಗೂದಿಲ್ಲ” ಅಂದರೆ “ಮಾಡೂದು ಏನೂ ಇಲ್ಲ” ಎಂದಲ್ಲ. ಕಾಯಿಲೆ ಹರಡಿದ ಮೇಲೂ ‘ಕರೆಂಟ್’ ಚಿಕಿತ್ಸೆಯಿಂದ ರಕ್ತಸ್ರಾವ, ನೋವು ಎಷ್ಟೋ ಕಡಿಮೆಯಾಗಬಹುದು.

3. ನೋವು ನುಂಗಿಕೊಳ್ಳಬೇಕಿಲ್ಲ
ಕ್ಯಾನ್ಸರಿನ ಕಠಿಣ ನೋವಿಗೆ ಮಾರ್ಫಿನ್ ಎಂಬ ಒಳ್ಳೆಯ ಔಷಧಿ ಇದೆ. ಮಾನ್ಯತೆ ಪಡೆದ ಆಸ್ಪತ್ರೆಗಳಿಗೆ ಇದು ಸುಲಭವಾಗಿ ಸಿಗಲೆಂದು 2014ರಲ್ಲಿ ಕಾನೂನನ್ನು ತಿದ್ದಲಾಗಿದೆ. ವೈದ್ಯರು ಹೇಳಿದಂತೆ ನೋವಿಗಾಗಿ ತೆಗೆದುಕೊಂಡರೆ ಚಟ ಹಿಡಿಯುತ್ತದೆಂದು ಹೆದರಬೇಕಿಲ್ಲ. ಮಲಬದ್ಧತೆ ಆಗುತ್ತದೆ, ಅದಕ್ಕೂ ಔಷಧಿ ಕೇಳಿ ಪಡೆಯಿರಿ. ‘ಪ್ಯಾಲಿಯೇಟಿವ್ ಕೇರ್’ ಅಂದರೆ ಇಂಥ ನೋವು-ಸಂಕಟ ಇಳಿಸುವ ಆರೈಕೆ. ಈ ಹೆಸರು ಹೇಳಿಯೇ ವಿಚಾರಿಸಿ.

4. ಹೊಲ ಮಾರುವ ಮೊದಲು
2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವು ಇದೆ. ರೇಷನ್ ಕಾರ್ಡ್, ಆಧಾರ್ ಹಿಡಿದು ಜಿಲ್ಲಾ ಆಸ್ಪತ್ರೆಯಲ್ಲಿ ‘ಆರೋಗ್ಯ ಮಿತ್ರ’ರನ್ನು ಕಾಣಿರಿ. ನಮಗೆ ಹತ್ತಿರ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ, ದೂರವಾದರೂ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಇವೆ. ಆಸ್ಪತ್ರೆಯ ಪತ್ರವಿದ್ದರೆ ರೋಗಿಗೂ ಜೊತೆಗೆ ಹೋಗುವ ಒಬ್ಬರಿಗೂ ರೈಲು ಟಿಕೆಟ್ಟಿನಲ್ಲಿ ರಿಯಾಯಿತಿ ಉಂಟು. “ಗ್ಯಾರಂಟಿ ಗುಣ ಮಾಡ್ತೀನಿ, ಮೊದಲು ರೊಕ್ಕ ಕೊಡ್ರಿ” ಅನ್ನುವವರನ್ನು ನಂಬಬೇಡಿ. ಬಡ್ಡಿ ಸಾಲಕ್ಕೆ ಕೈಹಾಕಬೇಡಿ.

5. ಸಂಘ ಏನು ಮಾಡಬಹುದು?
ಕ್ಯಾನ್ಸರ್ ಮುಟ್ಟಿದರೆ ಅಂಟುವುದಿಲ್ಲ. ತಾಟು, ಲೋಟ ಬೇರೆ ಇಡಬೇಡಿ. ಪಾಳಿ ಹಾಕಿಕೊಂಡು ರೊಟ್ಟಿ ಮಾಡಿ ಕೊಡಿ. ವಾರಕ್ಕೊಮ್ಮೆ ರೋಗಿಯ ಹತ್ತಿರ ಕುಳಿತು, ನೋಡಿಕೊಳ್ಳುವ ಸೊಸೆಗೋ ಮಗಳಿಗೋ ಅರ್ಧ ದಿನ ಬಿಡುವು ಕೊಡಿ. “ಅವರಿಗೂ ಹಿಂಗ ಆಗಿ ಸತ್ರು” ಎಂಬ ಸುದ್ದಿಯನ್ನು ಮಾತ್ರ ಒಯ್ಯಬೇಡಿ.

ಆ ಮನೆಯಲ್ಲಿ ಕೊನೆಗೆ ಮಗನೇ ಅವ್ವನ ಹತ್ತಿರ ಕುಳಿತು ಎಲ್ಲ ಹೇಳಿದ. ಇಬ್ಬರೂ ಅತ್ತರು. ಹೊಲ ಉಳಿಯಿತು. ಕರೆಂಟ್ ಕೊಟ್ಟ ಮೇಲೆ ರಕ್ತ ನಿಂತಿತು, ಮಾತ್ರೆಯಿಂದ ರಾತ್ರಿ ನಿದ್ದೆ ಬಂತು. ಅವರು ಬದುಕಿದ್ದು ಇನ್ನು ನಾಲ್ಕೇ ತಿಂಗಳು. ಆದರೆ ಆ ನಾಲ್ಕು ತಿಂಗಳು ಯಾರೂ ಗೋಡೆ ಕಡೆ ಮುಖ ಮಾಡಿ ಅಳಲಿಲ್ಲ. ಸಂಘದವರು ನೋಡಲು ಹೋದಾಗ ಆ ತಾಯಿ ಹೇಳಿದ್ದು ಒಂದೇ ಮಾತು: “ನನ್ನಂಗ ಸುಗ್ಗಿ ಮುಗೀಲಿ ಅನಬ್ಯಾಡ್ರಿ.”

ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಎದೆಯಲ್ಲಿ ಗಂಟು, ಬಾಯಲ್ಲಿ ಮಾಯದ ಹುಣ್ಣು ಇದ್ದರೆ ತಡಮಾಡಬೇಡಿ. 30 ವರ್ಷ ದಾಟಿದವರು ತೊಂದರೆ ಇಲ್ಲದಿದ್ದರೂ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ತಪಾಸಣೆಯ ಬಗ್ಗೆ ವಿಚಾರಿಸಿ.

ಸಂಘದ ಸಭೆಯಲ್ಲಿ ಚರ್ಚಿಸಿರಿ
1. ನಮಗೇ ಇಂಥ ಕಾಯಿಲೆ ಬಂದರೆ, ಮನೆಯವರು ನಮಗೆ ಹೇಳಬೇಕೇ, ಬೇಡವೇ?
2. ನಮ್ಮ ಓಣಿಯಲ್ಲಿ ಹಾಸಿಗೆ ಹಿಡಿದವರು ಯಾರಿದ್ದಾರೆ? ಈ ವಾರ ಯಾರು ಹೋಗಿ ಬರುತ್ತೀರಿ?
3. ನಮ್ಮಲ್ಲಿ ಎಷ್ಟು ಮಂದಿ ತಪಾಸಣೆ ಮಾಡಿಸಿದ್ದೇವೆ?

ದೇವರು ನಿಮ್ಮ ಮನೆಗಳನ್ನು ಕಾಯಲಿ.