ಹವಾಮಾನವೂ ವಾಯುಗುಣವೂ

ಭೂಗೋಳಶಾಸ್ತ್ರವನ್ನು ಓದುವವರು ಮೊದಲನೆಯ ವರ್ಷದಲ್ಲಿಯೇ ಕಲಿಯುವ ಎರಡು ಮಾತುಗಳುಂಟು: ಹವಾಮಾನ, ವಾಯುಗುಣ. ಪಠ್ಯಪುಸ್ತಕದಲ್ಲಿ ಇವೆರಡೂ ಬೇರೆ ಬೇರೆ. ಆದರೆ ಪುಸ್ತಕವನ್ನು ಮುಚ್ಚಿ ವೃತ್ತಪತ್ರಿಕೆಯನ್ನು ತೆರೆದರೆ ಈ ಭೇದ ಮಾಯವಾಗುತ್ತದೆ. ನಾಳೆ ಮಳೆ ಬರುವುದೇ ಎಂದು ತಿಳಿಸುವುದಕ್ಕೂ ‘ಹವಾಮಾನ ವರದಿ’ ಎಂದೇ ಹೆಸರು. ನೂರಾರು ವರ್ಷಗಳಲ್ಲಿ ಭೂಮಿ ಬಿಸಿಯಾಗಿರುವ ಸಂಗತಿಗೂ ‘ಹವಾಮಾನ ಬದಲಾವಣೆ’ ಎಂದೇ ಹೆಸರು. ಒಂದೇ ಮಾತು ಎರಡು ಕೆಲಸಕ್ಕೆ ನಿಂತಿರುವುದರಿಂದ, ನಾಲ್ಕು ದಿನ ಚಳಿ ಹೆಚ್ಚಾದರೆ “ಭೂಮಿ ಬಿಸಿಯಾಗುತ್ತಿದೆ ಎಂಬುದೆಲ್ಲ ಸುಳ್ಳು” ಎನ್ನುವವರೂ, ಒಂದು ವರ್ಷ ಮಳೆ ತಪ್ಪಿದರೆ “ಕಾಲವೇ ಕೆಟ್ಟುಹೋಯಿತು” ಎನ್ನುವವರೂ ನಮ್ಮಲ್ಲಿ ಹೇರಳವಾಗಿದ್ದಾರೆ. ಇಬ್ಬರೂ ಒಂದೇ ಗೊಂದಲದಲ್ಲಿ ಸಿಕ್ಕಿದವರು. ಈ ಭೇದವನ್ನು ಬಿಡಿಸಿ ಹೇಳುವುದು, ಅದು ನಮ್ಮ ನಾಡಿನ ಬೇಸಾಯಕ್ಕೆ ಏಕೆ ಮುಖ್ಯವೆಂಬುದನ್ನು ತೋರಿಸುವುದು, ಇಷ್ಟೇ ಈ ಲೇಖನದ ಉದ್ದೇಶ.

ಒಂದು ಸ್ಥಳದಲ್ಲಿ, ಒಂದು ಹೊತ್ತಿನಲ್ಲಿ, ವಾತಾವರಣವು ಇರುವ ಸ್ಥಿತಿಯೇ ಹವಾಮಾನ. ಉಷ್ಣತೆ, ವಾಯುವಿನ ಒತ್ತಡ, ಗಾಳಿಯ ದಿಕ್ಕು ಮತ್ತು ವೇಗ, ಆರ್ದ್ರತೆ, ಮೋಡ, ಮಳೆ ಇವು ಅದರ ಅಂಗಗಳು. ಇವೆಲ್ಲವನ್ನೂ ಅಳೆಯಬಹುದು. ಮಳೆಯನ್ನು ನಮ್ಮ ದೇಶದಲ್ಲಿ ಪ್ರತಿದಿನ ಬೆಳಿಗ್ಗೆ 8-30 ಗಂಟೆಗೆ ಅಳೆದು, ಹಿಂದಿನ 24 ಗಂಟೆಗಳ ಮಳೆಯೆಂದು ದಾಖಲೆ ಮಾಡುತ್ತಾರೆ. ಒಂದು ಮಿಲಿಮೀಟರ್ ಮಳೆ ಎಂದರೆ ಅಲ್ಪವೆಂದು ತೋರಬಹುದು. ಆದರೆ ಒಂದು ಎಕರೆ ಹೊಲದ ಮೇಲೆ ಅಷ್ಟು ಮಳೆ ಬಿದ್ದರೆ ಸುಮಾರು 4,000 ಲೀಟರು ನೀರು ಬಿದ್ದಂತಾಯಿತು.

ಹವಾಮಾನವು ಬೆಳಗಿಗೊಂದು, ಸಂಜೆಗೊಂದು ಬಗೆಯಾಗಿ ಬದಲಾಗತಕ್ಕದ್ದು. ವಾಯುಗುಣ ಹಾಗಲ್ಲ. ಅನೇಕ ವರ್ಷಗಳ ಹವಾಮಾನವನ್ನು ಕೂಡಿಸಿ ನೋಡಿದಾಗ ಒಂದು ಪ್ರದೇಶಕ್ಕೆ ಸಹಜವೆಂದು ಕಂಡುಬರುವ ಗುಣವೇ ವಾಯುಗುಣ. ಎಷ್ಟು ವರ್ಷ? ಸಾಮಾನ್ಯವಾಗಿ 30 ವರ್ಷಗಳೆಂದು ವಿಶ್ವ ಹವಾಮಾನ ಸಂಸ್ಥೆಯು ಗೊತ್ತುಮಾಡಿದೆ. ಸರಾಸರಿಯೊಂದೇ ಸಾಲದು. ಏರಿಳಿತಗಳು ಎಷ್ಟರವರೆಗೆ ಹೋಗುತ್ತವೆ, ಎಷ್ಟು ವರ್ಷಕ್ಕೊಮ್ಮೆ ಬರ, ಎಷ್ಟು ವರ್ಷಕ್ಕೊಮ್ಮೆ ಅತಿವೃಷ್ಟಿ ಎಂಬುದೂ ವಾಯುಗುಣದ ಲೆಕ್ಕಕ್ಕೆ ಸೇರಿದ್ದೇ. ಮನುಷ್ಯನಿಗೆ ಹೋಲಿಸಿ ಹೇಳುವುದಾದರೆ, ಹವಾಮಾನವು ಅವನ ಈ ಹೊತ್ತಿನ ಮನಃಸ್ಥಿತಿ. ವಾಯುಗುಣವು ಅವನ ಸ್ವಭಾವ. ಒಮ್ಮೆ ಸಿಟ್ಟಾದವನನ್ನು ಕೋಪಿಷ್ಠನೆನ್ನುವುದು ನ್ಯಾಯವಲ್ಲವಷ್ಟೆ.

ಒಂದು ಪ್ರದೇಶದ ಸ್ವಭಾವವು ಹೇಗೆ ರೂಪುಗೊಳ್ಳುತ್ತದೆ ಎಂಬುದಕ್ಕೆ ಮೂರು ಊರುಗಳನ್ನು ನೋಡೋಣ. ಮಂಗಳೂರು, ಬೆಂಗಳೂರು, ಚೆನ್ನೈ ಇವು ಮೂರೂ ಹೆಚ್ಚುಕಡಿಮೆ 13 ಡಿಗ್ರಿ ಉತ್ತರ ಅಕ್ಷಾಂಶದ ಮೇಲೆಯೇ ಇವೆ. ಸೂರ್ಯನ ಕಿರಣಗಳು ಮೂರರ ಮೇಲೂ ಒಂದೇ ಓರೆಯಲ್ಲಿ ಬೀಳುತ್ತವೆ. ಆದರೂ ಮೂರರ ವಾಯುಗುಣ ಬೇರೆ. ಅರಬ್ಬೀ ಸಮುದ್ರದಿಂದ ಬರುವ ಮುಂಗಾರು ಗಾಳಿಯು ಪಶ್ಚಿಮ ಘಟ್ಟಗಳನ್ನು ಏರಲಾರಂಭಿಸಿ, ಮೇಲೇರಿದಂತೆ ತಣ್ಣಗಾಗಿ, ತನ್ನಲ್ಲಿರುವ ನೀರನ್ನು ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಸುರಿಸಿಬಿಡುತ್ತದೆ. ಆದುದರಿಂದ ಮಂಗಳೂರಿಗೆ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಅದರಲ್ಲಿ ಹೆಚ್ಚಿನ ಭಾಗ ಜೂನ್, ಜುಲೈ ತಿಂಗಳುಗಳಲ್ಲಿ. ಘಟ್ಟದ ಮರೆಯಲ್ಲಿರುವ ಬೆಂಗಳೂರಿಗೆ 1,000 ಮಿಲಿಮೀಟರಿಗೂ ಸ್ವಲ್ಪ ಕಡಿಮೆ. ಅಲ್ಲಿ ಮಳೆ ಬಲಿಯುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಚೆನ್ನೈಗೆ ಬಂಗಾಳ ಕೊಲ್ಲಿಯ ಹಿಂಗಾರೇ ಆಧಾರ; ಅಲ್ಲಿ ನವೆಂಬರಿನ ಹೊತ್ತಿಗೆ ಮಳೆ ಜೋರು. ಇನ್ನು ಉಷ್ಣತೆಯ ಮಾತು. ಸಮುದ್ರಮಟ್ಟದಿಂದ ಸಾವಿರ ಮೀಟರ್ ಏರಿದರೆ ಉಷ್ಣತೆಯು ಸರಾಸರಿ ಆರೂವರೆ ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಬೆಂಗಳೂರು 900 ಮೀಟರ್‌ಗಳಿಗಿಂತ ಎತ್ತರದಲ್ಲಿದೆ. ಅದರ ತಂಪಿನ ಗುಟ್ಟು ಇದೇ. ಅಕ್ಷಾಂಶ, ಎತ್ತರ, ಸಮುದ್ರದಿಂದ ಇರುವ ದೂರ, ಬೆಟ್ಟಸಾಲುಗಳ ನಿಲುವು, ಗಾಳಿಯ ಹಾದಿ ಇವೆಲ್ಲ ಸೇರಿ ವಾಯುಗುಣವನ್ನು ನಿರ್ಧರಿಸುತ್ತವೆ.

ನಮ್ಮ ಹಿರಿಯರಿಗೆ ಈ ಶಾಸ್ತ್ರದ ಪರಿಭಾಷೆ ತಿಳಿದಿರಲಿಲ್ಲ, ವಿಷಯ ತಿಳಿದಿತ್ತು. ಸೂರ್ಯನು ಒಂದೊಂದು ನಕ್ಷತ್ರದಲ್ಲಿರುವ ಹದಿಮೂರು ಹದಿನಾಲ್ಕು ದಿನಗಳಿಗೆ ಆ ನಕ್ಷತ್ರದ ಮಳೆಯೆಂದು ಹೆಸರಿಟ್ಟು, ಯಾವ ಮಳೆಗೆ ಯಾವ ಕೆಲಸವೆಂದು ಗೊತ್ತುಮಾಡಿಕೊಂಡಿದ್ದರು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆಯನ್ನು ಕೇಳದವರಾರು? ಇಂತಹ ಗಾದೆಯು ನಾಳೆಯ ಮಳೆಯ ಭವಿಷ್ಯವಲ್ಲ. ಅನೇಕ ತಲೆಮಾರುಗಳು ಕಂಡ ಮಳೆಗಾಲಗಳ ಸಾರ. ಎಂದರೆ ಅದು ವಾಯುಗುಣವನ್ನು ಕುರಿತ ಮಾತು. ರೈತನು ಯಾವ ಬೆಳೆ ಇಡಬೇಕೆಂದು ನಿರ್ಧರಿಸುವುದು ವಾಯುಗುಣವನ್ನು ನಂಬಿ. ಯಾವ ದಿನ ಬಿತ್ತಬೇಕೆಂದು ನಿರ್ಧರಿಸುವುದು ಹವಾಮಾನವನ್ನು ನೋಡಿ. ಹವಾಮಾನ ಕೈಕೊಟ್ಟರೆ ಒಂದು ಬಿತ್ತನೆ ಹೋಗುತ್ತದೆ. ವಾಯುಗುಣವೇ ಕೈಕೊಟ್ಟರೆ, ಅಪ್ಪ ಅಜ್ಜಂದಿರಿಂದ ಬಂದ ತಿಳಿವಳಿಕೆಯೇ ಸಲ್ಲದ ನಾಣ್ಯವಾಗುತ್ತದೆ.

ಹಾಗೆಂದು ಪ್ರತಿಯೊಂದು ಬರವನ್ನೂ ವಾಯುಗುಣದ ಬದಲಾವಣೆಯೆಂದು ಕರೆಯಲಾಗದು. ನಮ್ಮ ನಾಡಿನಲ್ಲಿ ಧಾತು ಈಶ್ವರ ಸಂವತ್ಸರಗಳ ಬರವು ಇಂದಿಗೂ ನೆನಪಿನಲ್ಲಿದೆ. ಅದು 1876ರಿಂದ 1878ರವರೆಗಿನ ಮಾತು. 1871ರ ಜನಗಣತಿಯಲ್ಲಿ 50 ಲಕ್ಷಕ್ಕೂ ಹೆಚ್ಚಾಗಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕೆಳಗಿಳಿದಿತ್ತು. ಆಗ ಪೆಸಿಫಿಕ್ ಸಾಗರದಲ್ಲಿ ಪ್ರಬಲವಾದ ಎಲ್ ನಿನೋ, ಎಂದರೆ ಸಮಭಾಜಕದ ಬಳಿಯ ಸಮುದ್ರದ ಮೇಲ್ಮೈ ಅಸಾಧಾರಣವಾಗಿ ಕಾಯುವ ಸ್ಥಿತಿ, ಉಂಟಾಗಿತ್ತು. 2023ರಲ್ಲಿಯೂ ಎಲ್ ನಿನೋ ಇತ್ತು; ಆ ವರ್ಷ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತು. ಆದರೆ 1997ರಲ್ಲಿ ಪ್ರಬಲ ಎಲ್ ನಿನೋ ಇದ್ದರೂ ದೇಶದಲ್ಲಿ ಮುಂಗಾರು ಒಟ್ಟಿನಲ್ಲಿ ವಾಡಿಕೆಯಷ್ಟೇ ಆಯಿತು. ಇಂತಹ ಏರಿಳಿತಗಳು ವಾಯುಗುಣದ ಸಹಜ ಸ್ವಭಾವದೊಳಗಿನವು.

ಹಾಗಾದರೆ ಬದಲಾವಣೆ ಎಂಬುದು ಯಾವುದು? ಏರಿಳಿತಗಳ ನಡುವಣ ಮಟ್ಟವೇ ಒಂದು ದಿಕ್ಕಿಗೆ ಸರಿಯತೊಡಗಿದರೆ ಅದು ಬದಲಾವಣೆ. ಇದರ ಮುಖ್ಯ ಕಾರಣವನ್ನು ವಿಜ್ಞಾನಿಗಳು ಬಹು ಹಿಂದೆಯೇ ಗುರುತಿಸಿದ್ದರು. ವಾತಾವರಣದ ನೀರಾವಿ, ಇಂಗಾಲದ ಡೈಆಕ್ಸೈಡ್ ಮುಂತಾದ ಅನಿಲಗಳು ಸೂರ್ಯನ ಬೆಳಕನ್ನು ಒಳಗೆ ಬಿಡುತ್ತವೆ; ಭೂಮಿಯಿಂದ ಹೊರಡುವ ಶಾಖವನ್ನು ಮಾತ್ರ ತಡೆಯುತ್ತವೆ. ಇವು ಇಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣತೆ 15 ಡಿಗ್ರಿಯ ಬದಲು ಸೊನ್ನೆಗಿಂತ 18 ಡಿಗ್ರಿ ಕೆಳಗೆ ಇರುತ್ತಿತ್ತು. ಈ ಅನಿಲಗಳು ಶಾಖವನ್ನು ಹೀರುವುದನ್ನು 1859ರಲ್ಲಿ ಟಿಂಡಲ್ ಪ್ರಯೋಗಶಾಲೆಯಲ್ಲಿ ಅಳೆದನು. ಕಲ್ಲಿದ್ದಲಿನ ಹೊಗೆಯಿಂದ ಭೂಮಿ ಬಿಸಿಯಾದೀತೆಂಬ ಲೆಕ್ಕವನ್ನು 1896ರಲ್ಲಿ ಸ್ವೀಡನ್ನಿನ ಅರ್ಹೇನಿಯಸ್ ಹಾಕಿದನು. 1958ರಲ್ಲಿ ಕೀಲಿಂಗ್ ಎಂಬ ವಿಜ್ಞಾನಿ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಅಳೆಯತೊಡಗಿದಾಗ, ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಈ ಅನಿಲ ಸುಮಾರು 315 ಭಾಗವಿತ್ತು. ಇಂದು 420ನ್ನು ದಾಟಿದೆ. ಯಂತ್ರಯುಗಕ್ಕೆ ಮೊದಲು ಅದು 280ರ ಸುಮಾರಿನಲ್ಲಿತ್ತೆಂದು ಧ್ರುವಪ್ರದೇಶದ ಹಿಮದಲ್ಲಿ ಸಿಕ್ಕಿಕೊಂಡ ಹಳೆಯ ಗಾಳಿಯ ಗುಳ್ಳೆಗಳಿಂದ ತಿಳಿದಿದೆ.

ಸೂರ್ಯನೇ ಹೆಚ್ಚು ಕಾಯುತ್ತಿರಬಾರದೇಕೆ ಎಂದು ಕೇಳಬಹುದು. ಹಾಗಿದ್ದರೆ ವಾತಾವರಣದ ಮೇಲ್ಪದರವೂ ಬಿಸಿಯಾಗಬೇಕಿತ್ತು. ಕೆಳಪದರ ಬಿಸಿಯಾಗುತ್ತ ಮೇಲ್ಪದರ ತಣ್ಣಗಾಗುತ್ತಿರುವುದು ಕಂಡುಬಂದಿದೆ. ಶಾಖವು ಕೆಳಗೇ ಸಿಕ್ಕಿಕೊಳ್ಳುತ್ತಿದೆ ಎಂಬುದಕ್ಕೆ ಇದು ಗುರುತು. 19ನೆಯ ಶತಮಾನದ ಉತ್ತರಾರ್ಧಕ್ಕೆ ಹೋಲಿಸಿದರೆ 2011ರಿಂದ 2020ರವರೆಗಿನ ದಶಕದಲ್ಲಿ ಭೂಮಿ ಸುಮಾರು 1.1 ಡಿಗ್ರಿ ಬಿಸಿಯಾಗಿತ್ತು. ಒಂದು ಡಿಗ್ರಿ ಏನು ಮಹಾ ಎಂದು ಉಪೇಕ್ಷಿಸುವಂತಿಲ್ಲ. ಸುಮಾರು ಇಪ್ಪತ್ತು ಸಾವಿರ ವರ್ಷಗಳ ಹಿಂದಣ ಹಿಮಯುಗದಲ್ಲಿ ಸಮುದ್ರಮಟ್ಟವು ಈಗಿಗಿಂತ ನೂರಿಪ್ಪತ್ತು ಮೀಟರ್‌ನಷ್ಟು ಕೆಳಗಿತ್ತು. ಆಗಲೂ ಭೂಮಿಯ ಉಷ್ಣತೆ ಇಂದಿಗಿಂತ ಐದಾರು ಡಿಗ್ರಿ ಮಾತ್ರ ಕಡಿಮೆ.

ಇಲ್ಲಿ ಎಚ್ಚರಿಕೆಯೂ ಬೇಕು. 2022ರಲ್ಲಿ ಭಾರತೀಯ ಹವಾಮಾನ ಇಲಾಖೆಯು ದೇಶದ ಮುಂಗಾರಿನ ವಾಡಿಕೆ ಮಳೆಯನ್ನು 880.6 ಮಿಲಿಮೀಟರಿನಿಂದ 868.6 ಮಿಲಿಮೀಟರಿಗೆ ಇಳಿಸಿತು. ಇದು ಮಳೆಯ ದಶಕಗಳೂ ಒಣ ದಶಕಗಳೂ ಸರದಿಯಂತೆ ಬರುವ ಸಹಜ ಕ್ರಮದಿಂದ ಆದುದೆಂದು ಇಲಾಖೆ ವಿವರಿಸಿತು. ಮೊತ್ತದಲ್ಲಿ ಆದ ವ್ಯತ್ಯಾಸ ಸಣ್ಣದು. ನಾವು ಗಮನಿಸಬೇಕಾದುದು ಮಳೆ ಬೀಳುವ ರೀತಿಯನ್ನು. ಗಾಳಿಯು ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿದಿಡಬಲ್ಲ ನೀರಾವಿ ನೂರಕ್ಕೆ ಏಳರಷ್ಟು ಹೆಚ್ಚುತ್ತದೆ. ಆದುದರಿಂದ ಸುರಿದಾಗ ಒಮ್ಮೆಲೇ ಸುರಿಯುವ ಸಂಭವ ಹೆಚ್ಚು. ವರ್ಷದ ಮೊತ್ತ ಅಷ್ಟೇ ಇದ್ದರೂ, ಹತ್ತು ದಿನ ಹದವಾಗಿ ಬೀಳಬೇಕಾದುದು ಒಂದೇ ರಾತ್ರಿ ಬಿದ್ದರೆ, ಮಣ್ಣು ಕೊಚ್ಚಿಹೋಗಿ ರಾಗಿಯ ಪೈರು ಮತ್ತೆ ನೀರಿಗೆ ಬಾಯಿಬಿಡುತ್ತದೆ. ಹಳ್ಳಿಯ ಕೆರೆಯ ಏರಿಯ ಎತ್ತರವನ್ನೂ ಕೋಡಿಯ ಅಗಲವನ್ನೂ ಹಿಂದಿನವರು ತಾವು ಕಂಡ ಮಳೆಗೆ ತಕ್ಕಂತೆ ಕಟ್ಟಿದರು. ಮಳೆಯ ರೀತಿ ಬದಲಾದರೆ ಆ ಕೋಡಿ ಸಾಲದೆ ಹೋಗಬಹುದು.

ಇಂತಹ ಬದಲಾವಣೆಯನ್ನು ನೆನಪಿನಿಂದ ಅಳೆಯಲಾಗದು. “ನಮ್ಮ ಕಾಲದಲ್ಲಿ ಹೀಗಿರಲಿಲ್ಲ” ಎಂಬ ಮಾತು ನಿಜವೂ ಇರಬಹುದು, ಅಲ್ಲದೆಯೂ ಇರಬಹುದು. ಅದನ್ನು ತೀರ್ಮಾನಿಸುವುದು ದಾಖಲೆ ಪುಸ್ತಕ ಮಾತ್ರ. ಮಳೆಮಾಪಕವು ಹೆಚ್ಚು ಬೆಲೆಯ ಉಪಕರಣವಲ್ಲ. ನಮ್ಮ ಕಾಲೇಜಿನ ಅಂಗಳದಲ್ಲಿ, ಮರದ ನೆರಳೂ ಕಟ್ಟಡದ ಮರೆಯೂ ಇಲ್ಲದ ಕಡೆ ಒಂದನ್ನು ನೆಟ್ಟು, ಪ್ರತಿದಿನ ಬೆಳಿಗ್ಗೆ 8-30ಕ್ಕೆ ಸರದಿಯ ಮೇಲೆ ವಿದ್ಯಾರ್ಥಿಗಳು ಓದಿ ಬರೆಯುವಂತಾಗಲಿ ಎಂದು ಅಧ್ಯಾಪಕರಲ್ಲಿ ನನ್ನ ವಿಜ್ಞಾಪನೆ. ರಜೆಯ ದಿನಗಳಲ್ಲಿಯೂ ಅದು ತಪ್ಪಬಾರದು. ಏಕೆಂದರೆ ನಡುವೆ ಖಾಲಿ ಬಿಟ್ಟ ಪುಟಗಳಿಂದ ಲೆಕ್ಕ ಕೆಡುತ್ತದೆ. ಮೊದಲ ಪುಟವನ್ನು ಬರೆಯುವ ನಮಗೆ ಅದು ಹವಾಮಾನದ ಪುಸ್ತಕ. ಮೂವತ್ತು ವರ್ಷಗಳ ತರುವಾಯ ಇದೇ ತರಗತಿಯಲ್ಲಿ ಕುಳಿತುಕೊಳ್ಳುವವರಿಗೆ ಅದು ಈ ಊರಿನ ವಾಯುಗುಣದ ಪುಸ್ತಕವಾಗಿ ಸಿಗುತ್ತದೆ.